ಅಜ್ಜನ ಕಾರು ಮಾರುವ ಮುನ್ನ: ಯಾರ ಕೈಗೆ, ಎಷ್ಟಕ್ಕೆ, ಯಾವ ಕಾಗದದ ಮೇಲೆ

ನಮ್ಮ ಅಜ್ಜ ಹುಬ್ಬಳ್ಳಿಯಲ್ಲಿ ಡಾಕ್ಟರಾಗಿದ್ದರು. ಅವರದು 1955ರ ಫಿಯೆಟ್ 1100. ನಮ್ಮ ಕಡೆ ಅದಕ್ಕೆ ಡುಕ್ಕರ್ ಫಿಯೆಟ್ ಅಂತಾರೆ. ಡುಕ್ಕರ್ ಅಂದರೆ ಮರಾಠಿ, ಕೊಂಕಣಿಯಲ್ಲಿ ಹಂದಿ. ಆ ಗುಂಡಗಿನ ಮೈ, ಆ ಮೂತಿ ನೋಡಿದರೆ ಯಾಕೆ ಅಂತ ಯಾರೂ ಕೇಳುವುದಿಲ್ಲ. ಮುಂದಿನ ಬಾಗಿಲುಗಳು ಈಗಿನ ಕಾರುಗಳಿಗೆ ಉಲ್ಟಾ ತೆರೆಯುತ್ತವೆ. ಗೇರು ಸ್ಟೀರಿಂಗ್ ಪಕ್ಕದಲ್ಲಿದೆ. ಎಂಜಿನ್ 1089 ಸಿಸಿ.

ಅದರ ನಂಬರ್ ಪ್ಲೇಟು ನೋಡಿದವರು ಮಾತ್ರ ಒಂದು ಗಳಿಗೆ ನಿಲ್ಲುತ್ತಾರೆ. ಅದು ಮುಂಬಯಿ ರಾಜ್ಯದ ನಂಬರು. 1955ರಲ್ಲಿ ಹುಬ್ಬಳ್ಳಿ ಇದ್ದದ್ದೇ ಅಲ್ಲಿ. ಮರುವರ್ಷ ನವೆಂಬರ್ 1ಕ್ಕೆ ಏಕೀಕರಣ ಆಯಿತು. ಅಜ್ಜ ಮನೆ ಬದಲಿಸಲಿಲ್ಲ, ಕಾರು ಬದಲಿಸಲಿಲ್ಲ, ರಾಜ್ಯವೇ ಬದಲಾಯಿತು.

ಕಳೆದ ವರ್ಷ ನಾವು ಆ ಕಾರು ಮಾರಿದೆವು. ಒಟ್ಟು ಹದಿನಾಲ್ಕು ತಿಂಗಳು ಹಿಡಿಯಿತು. ಗಿರಾಕಿ ಹುಡುಕಿದ್ದು ಮೂರು ತಿಂಗಳು. ಉಳಿದ ಹನ್ನೊಂದು ತಿಂಗಳು ನಾವು ನಾವೇ ಜಗಳಾಡಿದ್ದು. ನಿಮ್ಮ ಶೆಡ್ಡಿನಲ್ಲೂ ಇಂಥದ್ದೊಂದು ಇದ್ದರೆ, ನಾವು ಮಾಡಿದ ತಪ್ಪನ್ನು ನೀವೂ ಮಾಡಬೇಕಿಲ್ಲ. ಕ್ರಮವಾಗಿ ಹೇಳುತ್ತೇನೆ.

1. ಮೊದಲು ಏನೂ ಮಾಡಬೇಡಿ

ಮಾರಬೇಕು ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: "ಸ್ವಲ್ಪ ಟಿಂಕರಿಂಗ್, ಪೇಂಟಿಂಗ್ ಮಾಡಿಸಿ ಬಿಡೋಣ, ರೇಟು ಬರ್ತದ." ಬೇಡ. ಪುಟ್ಟಿ ಮೆತ್ತಿ ಹೊಸ ಬಣ್ಣ ಹೊಡೆದ ಕಾರಿನ ಒಳಗೆ ಏನಿದೆ ಅಂತ ತಿಳಿದವರು ಯಾರೂ ನಂಬುವುದಿಲ್ಲ. ತುಕ್ಕು ಕಂಡರೆ ಎಷ್ಟು ತುಕ್ಕು ಅಂತಾದರೂ ಗೊತ್ತಾಗುತ್ತದೆ. ಮುಚ್ಚಿದರೆ ಅನುಮಾನ ಮಾತ್ರ ಉಳಿಯುತ್ತದೆ.

ನಮ್ಮನ್ನು ತಡೆದವರು ಅಜ್ಜನ ಕಾಲದ ಡ್ರೈವರ್ ಕಾಕಾ. "ಮಾರೂದಾದ್ರ ಮಾರ್ರಿ, ಬಣ್ಣಾ ಮಾತ್ರ ಹಚ್ಚಸಬ್ಯಾಡ್ರಿ. ಈ ಬಣ್ಣಾ ನಿಮ್ಮ ಅಜ್ಜಾರು ಮುಟ್ಟಿದ್ದದ," ಅಂದರು.

ಕಾಕಾ ಭಾವನೆಯಿಂದ ಹೇಳಿದ್ದನ್ನು ಸಂಗ್ರಹಕಾರರು ಲೆಕ್ಕಾಚಾರದಿಂದ ಹೇಳುತ್ತಾರೆ. ಇಟಲಿ ಮತ್ತು ಸ್ವಿಟ್ಜರ್ಲೆಂಡ್ ನಡುವಿನ ಮಜ್ಜೋರೆ ಸರೋವರದಲ್ಲಿ ದಶಕಗಳ ಕಾಲ ಮುಳುಗಿದ್ದ ಒಂದು ಬುಗಾಟಿ ಬ್ರೆಸಿಯಾ ಕಾರನ್ನು 2009ರಲ್ಲಿ ಮೇಲೆತ್ತಿದರು. ಒಂದು ಬದಿ ಪೂರ್ತಿ ತಿಂದುಹೋಗಿತ್ತು. 2010ರ ಹರಾಜಿನಲ್ಲಿ ಅದು ಎರಡೂವರೆ ಲಕ್ಷ ಯೂರೊಗಿಂತ ಜಾಸ್ತಿಗೆ ಹೋಯಿತು. ಕೊಂಡ ಕ್ಯಾಲಿಫೋರ್ನಿಯಾದ ಸಂಗ್ರಹಕಾರರು ಅದನ್ನು ರಿಪೇರಿ ಮಾಡಿಸಲೇ ಇಲ್ಲ. ಆ ಸ್ಥಿತಿಯಲ್ಲೇ ತಮ್ಮ ಮ್ಯೂಸಿಯಂನಲ್ಲಿಟ್ಟರು. ಬಣ್ಣ ಯಾವಾಗ ಬೇಕಾದರೂ ಹಚ್ಚಬಹುದು. ಮೊದಲಿನ ಬಣ್ಣ ಒಂದೇ ಸಲ.

ಹಾಗಾಗಿ ಧೂಳು ಹೊಡೆಯಿರಿ, ಇಲಿ ಗೂಡು ತೆಗೆಯಿರಿ, ಅಷ್ಟೇ. ಎಂಜಿನ್ ಸ್ಟಾರ್ಟ್ ಮಾಡುವ ಆಸೆಯನ್ನೂ ತಡೆದುಕೊಳ್ಳಿ. ವರ್ಷಗಟ್ಟಲೆ ನಿಂತ ಎಂಜಿನ್ ಒಳಗೆ ಹಿಡಿದುಕೊಂಡಿರಬಹುದು. ಎಣ್ಣೆ ಬಿಡದೆ, ಕೈಯಲ್ಲಿ ಮೆಲ್ಲಗೆ ತಿರುಗಿಸಿ ನೋಡದೆ ಬ್ಯಾಟರಿ ಕೊಟ್ಟರೆ ಒಳಗಿನದು ಮುರಿಯಬಹುದು. ಆ ಕೆಲಸ ಹಳೇ ಫಿಯೆಟ್ ಬಿಚ್ಚಿ ಗೊತ್ತಿರುವ ಮಿಸ್ತ್ರಿಗೆ ಬಿಡಿ.

2. ಕಾರು ಯಾರದ್ದು?

ಸುಮ್ನೆ ಕೇಳುತ್ತಿಲ್ಲ. ನಮ್ಮ ಆರ್.ಸಿ. ಬುಕ್ಕಿನಲ್ಲಿ ಅಜ್ಜನ ಹೆಸರೇ ಇತ್ತು. ಅಜ್ಜ ತೀರಿಕೊಂಡು ಮೂವತ್ತು ವರ್ಷ ಆಗಿತ್ತು. ಸತ್ತವರು ಸಹಿ ಹಾಕುವುದಿಲ್ಲ. ಮೊದಲು ವಾರಸುದಾರರ ಹೆಸರಿಗೆ ವರ್ಗಾವಣೆ ಆಗಬೇಕು, ಅದಕ್ಕೆ ಫಾರಂ 31. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಬೇಕಾಗುತ್ತವೆ. ಆಮೇಲೆ ಮಾರಾಟಕ್ಕೆ ಫಾರಂ 29 ಮತ್ತು 30.

ಇನ್ನೊಂದು ತೊಡಕಿದೆ. ಕೈಬರಹದ ಕಾಲದ ಗಾಡಿಗಳು ಎಷ್ಟೋ ಸಲ 'ವಾಹನ್' ಅನ್ನುವ ಸರ್ಕಾರಿ ವಾಹನ ನೋಂದಣಿ ಕಂಪ್ಯೂಟರಿನಲ್ಲಿ ಇರುವುದೇ ಇಲ್ಲ. ಹಳೇ ದಾಖಲೆ ತೋರಿಸಿ ಮೊದಲು ಅದನ್ನು ಕಂಪ್ಯೂಟರಿಗೆ ಏರಿಸಬೇಕು. ಗಿರಾಕಿ ಬಂದ ಮೇಲೆ ಇದನ್ನೆಲ್ಲ ಶುರು ಮಾಡಿದರೆ ಗಿರಾಕಿ ಕಾಯುವುದಿಲ್ಲ.

50 ವರ್ಷ ದಾಟಿದ ಕಾರಾದರೆ ನಿಮಗೆ ಇನ್ನೊಂದು ದಾರಿ ಇದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ನಿಯಮ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ಆಮೇಲೆ ಮರುನೋಂದಣಿಗೆ 5,000. ಹೊಸದಾಗಿ ನೋಂದಣಿ ಆಗುವ ಕಾರುಗಳಿಗೆ 'ವಿಎ' ಅಕ್ಷರದ ನಂಬರು. ಆದರೆ ಈಗಾಗಲೇ ನೋಂದಣಿ ಇರುವ ಕಾರು ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಈ ಸಾಲು ಓದಿದ ದಿನ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದ್ದರು ಅಂದರೆ ನಂಬಿ. ಮುಂಬಯಿ ರಾಜ್ಯದ ಆ ನಂಬರು ಹೋದರೆ ನಮ್ಮ ಕಾರಿನ ಅರ್ಧ ಕಥೆ ಹೋದಹಾಗೆ.

ಷರತ್ತುಗಳೂ ಇವೆ. ಚಾಸಿಸ್, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು. ಒಂದು ಕಾಲದಲ್ಲಿ ಪೆಟ್ರೋಲ್ ದುಬಾರಿ ಅಂತ ಎಷ್ಟೋ ಅಂಬಾಸಡರ್, ಫಿಯೆಟ್‌ಗಳಿಗೆ ಡೀಸೆಲ್ ಎಂಜಿನ್ ಕೂರಿಸಿದ್ದರು. ಅಂಥವು ಇಲ್ಲಿ ಸಿಕ್ಕಿಬೀಳುತ್ತವೆ. ವಿಂಟೇಜ್ ಆದ ಕಾರನ್ನು ದಿನಾ ಓಡಿಸುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ. ರ್‍ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ, ಗಿರಾಕಿ ಆರಿಸುವಾಗ ಬೇಕಾಗುತ್ತದೆ.

3. ಇದೇ ಆ ಕಾರು ಅಂತ ತೋರಿಸಿ

ಚಾಸಿಸ್ ನಂಬರು, ಎಂಜಿನ್ ನಂಬರು ಎರಡನ್ನೂ ಹುಡುಕಿ. ತಂತಿ ಬ್ರಷ್ ಹಾಕಿ ಉಜ್ಜಬೇಡಿ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಕಾಗದ ಇಟ್ಟು, ಮೇಲೆ ಪೆನ್ಸಿಲ್ ಆಡಿಸಿ ಅಚ್ಚು ತೆಗೆಯಿರಿ. ಚಾಸಿಸ್ ಪ್ರಿಂಟ್ ಅಂತ ಆರ್‌ಟಿಓದವರು ಕೇಳುವುದು ಇದನ್ನೇ. ಬುಕ್ಕಿನಲ್ಲಿರುವ ನಂಬರಿಗೆ ತಾಳೆ ನೋಡಿ. ಎಂಜಿನ್ ಬದಲಾಗಿದ್ದರೆ ಮೊದಲೇ ಹೇಳಿಬಿಡಿ. ಹೇಗೂ ಗೊತ್ತಾಗುತ್ತದೆ.

ಭಾಗಗಳು ಬದಲಾದ ಮಾತ್ರಕ್ಕೆ ಕಾರು ಸುಳ್ಳಾಗುವುದಿಲ್ಲ. 1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್ ಕಾರ್ ರೇಸ್ ಗೆದ್ದ ಬೆಂಟ್ಲಿ 'ಓಲ್ಡ್ ನಂಬರ್ ಒನ್' 1990ರಲ್ಲಿ ಒಂದು ಕೋಟಿ ಪೌಂಡಿಗೆ ಮಾರಾಟಕ್ಕೆ ಒಪ್ಪಂದವಾಯಿತು. ಆಮೇಲೆ ಕೊಳ್ಳುವವರು ತಕರಾರು ತೆಗೆದರು: ಇದರಲ್ಲಿ ಮೂಲ ಭಾಗ ಏನೂ ಉಳಿದಿಲ್ಲ, ಇದು ಆ ಕಾರೇ ಅಲ್ಲ. ಲಂಡನ್ನಿನ ನ್ಯಾಯಾಲಯ ಕಾರಿನ ಪರವಾಗಿ ನಿಂತಿತು. ಭಾಗ ಬದಲಾಗುತ್ತ ಬಂದಿದ್ದರೂ ಕಾರಿನ ಚರಿತ್ರೆ ಎಲ್ಲೂ ತುಂಡಾಗಿಲ್ಲ, ಆದ್ದರಿಂದ ಇದು ಅದೇ ಕಾರು ಅಂದಿತು.

ಆ ಚರಿತ್ರೆ ಇರುವುದು ನಿಮ್ಮ ಟ್ರಂಕಿನಲ್ಲಿ. ಪೆಟ್ರೋಲ್ ಚೀಟಿ, ಗ್ಯಾರೇಜ್ ಬಿಲ್ಲು, ವಿಮೆ ಕಾಗದ, ಟ್ಯಾಕ್ಸ್ ಟೋಕನ್, ಮದುವೆ ಫೋಟೋದ ಮೂಲೆಯಲ್ಲಿ ಕಾಣುವ ಬಂಪರ್, ಎಲ್ಲವನ್ನೂ ವರ್ಷವಾರು ಜೋಡಿಸಿ ಒಂದು ಫೈಲ್ ಮಾಡಿ. ಡ್ರೈವರೋ ಮಿಸ್ತ್ರಿಯೋ ಬದುಕಿದ್ದರೆ ಮೊಬೈಲಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿಕೊಳ್ಳಿ. ನಮ್ಮ ಡ್ರೈವರ್ ಕಾಕಾ ಎರಡು ಗಂಟೆ ಮಾತಾಡಿದರು. ರಾತ್ರಿ ಹೆರಿಗೆಗೆ ಹೋದದ್ದು, ಮಳೆಗಾಲದಲ್ಲಿ ಕಪ್ಪು ಮಣ್ಣಿನಲ್ಲಿ ಹೂತುಕೊಂಡ ಕಾರನ್ನು ಎತ್ತು ಕಟ್ಟಿ ಎಳೆದದ್ದು, ಎಲ್ಲ ಬಂತು.

ಒಂದು ಎಚ್ಚರಿಕೆ. ಆಧಾರವಿಲ್ಲದ ಕಥೆಯನ್ನು ಮಾರಾಟಕ್ಕೆ ಇಡಬೇಡಿ. ಬೇಂದ್ರೆಯವರು ಈ ಕಾರಿನಲ್ಲಿ ಕೂತಿದ್ದರು ಅಂತ ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಫೋಟೋ ಇಲ್ಲ, ಕಾಗದ ಇಲ್ಲ. ಧಾರವಾಡ ಕಡೆಯ ಪ್ರತಿ ಹಳೇ ಕಾರಿನಲ್ಲೂ ಬೇಂದ್ರೆ ಕೂತಿದ್ದಾರೆ ಬಿಡಿ. ನಾವು ಅದನ್ನು ಫೈಲಿಗೆ ಸೇರಿಸಲಿಲ್ಲ.

ಈ ಫೈಲಿಗೆ ಇನ್ನೂ ಒಂದು ಉಪಯೋಗ ಇದೆ. ಸ್ವಂತ ಬಳಕೆಯ ಕಾರು ಮಾರಿದರೆ ಬಂದ ಲಾಭಕ್ಕೆ ಸಾಮಾನ್ಯವಾಗಿ ಆದಾಯ ತೆರಿಗೆ ಇಲ್ಲ. ಆದರೆ 1983ರಲ್ಲಿ 20,000 ರೂಪಾಯಿಗೆ ಕೊಂಡು ಆಮೇಲೆ 21 ಲಕ್ಷಕ್ಕೆ ಮಾರಿದ 1931ರ ಒಂದು ಫೋರ್ಡ್ ಕಾರಿನ ವಿಷಯದಲ್ಲಿ ಬಾಂಬೆ ಹೈಕೋರ್ಟ್ 2025ರಲ್ಲಿ ತೆರಿಗೆ ಕಟ್ಟಲೇಬೇಕು ಅಂದಿತು. ಕಾರಣ, ಆ ಕಾರನ್ನು ಸ್ವಂತಕ್ಕೆ ಬಳಸಿದ್ದಕ್ಕೆ ಪುರಾವೆ ಇರಲಿಲ್ಲ. ಪೆಟ್ರೋಲ್ ಚೀಟಿ ಎಸೆಯಬೇಡಿ ಅಂದದ್ದು ಇದಕ್ಕೇ. ಮಾರುವ ಮುಂಚೆ ಒಬ್ಬ ಚಾರ್ಟರ್ಡ್ ಅಕೌಂಟೆಂಟರನ್ನು ಕೇಳಿ.

4. ಬೆಲೆ

ಇದಕ್ಕೆ ಪಟ್ಟಿ ಇಲ್ಲ. ಜಾಲತಾಣದ ಜಾಹೀರಾತಿನಲ್ಲಿ ಕಾಣುವುದು ಕೇಳುವ ಬೆಲೆ, ಕೊಟ್ಟ ಬೆಲೆ ಅಲ್ಲ. ಬೆಂಗಳೂರಿನ ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್‌ನಂಥ ಕಡೆ ಇರುವವರ ಜೊತೆ ಮಾತಾಡಿ. ಒಂದು ರ್‍ಯಾಲಿಗೆ ಹೋಗಿ, ನಿಮ್ಮದೇ ಮಾದರಿಯ ಕಾರಿನ ಮಾಲೀಕರನ್ನು ಹಿಡಿದು ಟೀ ಕುಡಿಸಿ. ಕನಿಷ್ಠ ಮೂವರ ಅಂದಾಜು ತೆಗೆದುಕೊಳ್ಳಿ. ಅದರಲ್ಲಿ ಒಬ್ಬರಾದರೂ ಕೊಳ್ಳುವ ಆಸೆ ಇಲ್ಲದವರಿರಲಿ.

ಮತ್ತೆ, ನಮ್ಮ ಫಿಯೆಟ್ಟು ರೋಲ್ಸ್ ರಾಯ್ಸ್ ಅಲ್ಲ. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಜೋಡಿಸಿದ ಮಧ್ಯಮ ವರ್ಗದ ಗಾಡಿ. ಇಂಥ ಕಾರುಗಳನ್ನು ಪೂರ್ತಿ ಸರಿಮಾಡಲು ಆಗುವ ಖರ್ಚು ಕಾರಿನ ಬೆಲೆಯನ್ನೇ ಮೀರುವುದು ಮಾಮೂಲು. ಗಿರಾಕಿ ಅದನ್ನು ಕಳೆದೇ ಬೆಲೆ ಹೇಳುತ್ತಾನೆ. ಬೇಜಾರಾಗಬೇಡಿ.

5. ಯಾರಿಗೆ ಕೊಡಬೇಕು?

ನಮ್ಮ ಹನ್ನೊಂದು ತಿಂಗಳು ಹೋದದ್ದು ಇಲ್ಲಿ. ನಾಲ್ಕು ಜನ ಮುಂದೆ ಬಂದರು. ಮೂವತ್ತು ಕಾರು ಇಟ್ಟುಕೊಂಡ ಬೆಂಗಳೂರಿನ ಸಂಗ್ರಹಕಾರರು. ಮದುವೆ ಮೆರವಣಿಗೆಗೆ, ಶೂಟಿಂಗಿಗೆ ಬಾಡಿಗೆ ಬಿಡುವವರು. ಕಾರು ಕೊಂಡು ಬಣ್ಣ ಹಚ್ಚಿ ಮಾರುವ ಒಬ್ಬ ಡೀಲರ್. ಕೊನೆಗೆ, ಧಾರವಾಡದಲ್ಲಿ ಪಾಠ ಹೇಳುವ ಒಬ್ಬ ಪಾಲಿಟೆಕ್ನಿಕ್ ಮೇಷ್ಟ್ರು. ಅವರ ಬಳಿ ಆಗಲೇ ಒಂದು ಹಳೇ ಫಿಯೆಟ್ ಇತ್ತು, ಅದರಲ್ಲೇ ಬಂದಿದ್ದರು. ಎಲ್ಲರಿಗಿಂತ ಕಡಿಮೆ ಹೇಳಿದ್ದೂ ಅವರೇ.

ನಮ್ಮ ಅತ್ತೆ, "ಮ್ಯೂಸಿಯಂಗೆ ದಾನ ಕೊಡೋಣ, ಅಪ್ಪನ ಹೆಸರು ಉಳೀತದ," ಅಂದರು. ಕೆಟ್ಟ ಯೋಚನೆ ಅಲ್ಲ. ಶ್ರೀರಂಗಪಟ್ಟಣದ ಹತ್ತಿರ ಮೈಸೂರು ರಸ್ತೆಯಲ್ಲಿ ಧರ್ಮಸ್ಥಳದವರ ಪಯಣ ಕಾರ್ ಮ್ಯೂಸಿಯಂ ಇದೆ, ಕೊಯಮತ್ತೂರಿನಲ್ಲಿ ಜೀಡೀ ಮ್ಯೂಸಿಯಂ ಇದೆ. ಹೋಗಿ ನೋಡಿದರೆ ಕಣ್ಣು ತಂಪಾಗುತ್ತದೆ. ಆದರೆ ಮ್ಯೂಸಿಯಂಗೆ ಕೊಟ್ಟರೆ ಶಾಶ್ವತ ಅನ್ನುವುದು ನಂಬಿಕೆ ಅಷ್ಟೇ. ಅಮೆರಿಕದ ಇಂಡಿಯಾನಾಪೊಲಿಸ್ ಮೋಟರ್ ಸ್ಪೀಡ್‌ವೇ ಮ್ಯೂಸಿಯಂಗೆ ಮರ್ಸಿಡಿಸ್ ಕಂಪನಿ 1965ರಲ್ಲಿ ಒಂದು ರೇಸ್ ಕಾರನ್ನು ದಾನ ಕೊಟ್ಟಿತ್ತು, ಹೆಸರಾಂತ ರೇಸ್ ಚಾಲಕ ಫ್ಯಾಂಜಿಯೊ ಓಡಿಸಿದ ಡಬ್ಲ್ಯು 196 ಮಾದರಿ. ಆ ಮ್ಯೂಸಿಯಂ 2025ರ ಫೆಬ್ರವರಿಯಲ್ಲಿ ಅದನ್ನು ಹರಾಜು ಹಾಕಿತು. ಬಂದದ್ದು 5 ಕೋಟಿ ಯೂರೊಗಿಂತ ಹೆಚ್ಚು. ಅದಕ್ಕೆ ಅವರದೇ ಕಾರಣ ಇತ್ತು, ಉಳಿದ ಸಂಗ್ರಹಕ್ಕೆ ದುಡ್ಡು ಬೇಕಿತ್ತು. ಇನ್ನು ಸರೋವರದ ಬುಗಾಟಿ ಇಟ್ಟಿದ್ದ ಕ್ಯಾಲಿಫೋರ್ನಿಯಾದ ಮಲ್ಲಿನ್ ಮ್ಯೂಸಿಯಂ, ಕಟ್ಟಿದವರು ತೀರಿಕೊಂಡ ಮೇಲೆ 2024ರಲ್ಲಿ ಮುಚ್ಚಿತು.

ಉಲ್ಟಾ ಕಥೆಯೂ ಇದೆ. ಫ್ರಾನ್ಸಿನ ಮುಲ್ಹೌಸ್‌ನಲ್ಲಿ ಜವಳಿ ಗಿರಣಿ ನಡೆಸುತ್ತಿದ್ದ ಶ್ಲುಂಪ್ ಸಹೋದರರು ನೂರಾರು ಕಾರುಗಳನ್ನು ಗುಟ್ಟಾಗಿ ಕೂಡಿಹಾಕಿದ್ದರು. ಗಿರಣಿ ಮುಳುಗಿತು. 1977ರಲ್ಲಿ ಕಾರ್ಮಿಕರು ಒಳಗೆ ನುಗ್ಗಿದಾಗ ಸಾಲುಸಾಲು ಬುಗಾಟಿಗಳು ಕಂಡವು. ಮರುವರ್ಷ ಸರ್ಕಾರ ಇಡೀ ಸಂಗ್ರಹವನ್ನು ಐತಿಹಾಸಿಕ ಸ್ಮಾರಕ ಅಂತ ಘೋಷಿಸಿತು. ಚೆಲ್ಲಾಪಿಲ್ಲಿ ಆಗುವುದು ತಪ್ಪಿತು. 1982ರಿಂದ ಅದು ಎಲ್ಲರೂ ನೋಡುವ ಮ್ಯೂಸಿಯಂ.

ನಮ್ಮ ದೇಶದ್ದೇ ಎರಡು ಕಾರು ನೋಡಿ. 1910ರಲ್ಲಿ ಕಲ್ಕತ್ತೆಯ ಒಬ್ಬ ಇಂಗ್ಲಿಷ್ ಶ್ರೀಮಂತ ಹಂಸದ ಆಕಾರದ ಕಾರು ಮಾಡಿಸಿಕೊಂಡ. ಜನ ಮುಗಿಬಿದ್ದು ಪೊಲೀಸರು ಅದನ್ನು ರಸ್ತೆಗೆ ತರಬೇಡ ಅಂದರಂತೆ. ಆಮೇಲೆ ಅದು ನಾಭಾ ಮಹಾರಾಜರ ಮನೆಗೆ ಹೋಯಿತು. 1991ರಲ್ಲಿ ನೆದರ್ಲೆಂಡ್ಸ್‌ನ ಲೌಮನ್ ಮ್ಯೂಸಿಯಂ ಕೊಂಡುಕೊಂಡಿತು. ಈಗ ಚೆನ್ನಾಗಿದೆ, ಆದರೆ ಇರುವುದು ಹೇಗ್‌ನಲ್ಲಿ. ಹೈದರಾಬಾದ್ ನಿಜಾಮರ ಹಳದಿ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲೇ ಇದೆ. ಎರಡೂ ಉಳಿದವು. ಎರಡನ್ನೂ ನೋಡಲು ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗಬಹುದಾ ಅಂತ ಕೇಳಿದರೆ ಮಾತ್ರ ಉತ್ತರ ಬೇರೆ ಬೇರೆ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಹಂಸದ ಕಾರಿಗೆ, ನಿಜಾಮರ ಕಾರಿಗೆ ಮ್ಯೂಸಿಯಂ ಸರಿ. ಡಾಕ್ಟರ ಫಿಯೆಟ್ಟಿಗೆ ರಸ್ತೆಯೇ ಸರಿ. ಅದು ದೊಡ್ಡಸ್ತಿಕೆಗೆ ನಿಂತ ಕಾರಲ್ಲ, ಓಡಿದ ಕಾರು. ನಿಂತರೆ ರಬ್ಬರು ಒಣಗುತ್ತದೆ, ಬ್ರೇಕು ಹಿಡಿಯುತ್ತದೆ, ಟ್ಯಾಂಕು ತುಕ್ಕು ತಿನ್ನುತ್ತದೆ. ಮೂವತ್ತು ಕಾರಿನ ಸಾಲಿನಲ್ಲಿ ನಮ್ಮದು ಮೂವತ್ತೊಂದನೆಯದಾಗಿ ಕವರ್ ಹೊದ್ದು ಮಲಗುತ್ತಿತ್ತು. ಬಾಡಿಗೆಯವರ ಮಾತು ಅಲ್ಲಿಗೇ ಮುಗಿಯಿತು. ವಿಂಟೇಜ್ ನೋಂದಣಿ ಮಾಡಿಸಿದರೆ ಬಾಡಿಗೆಗೆ ಬಿಡುವಂತಿಲ್ಲ ಅಂತ ಅವರಿಗೂ ಗೊತ್ತಿತ್ತು. ಡೀಲರ್ ಬಣ್ಣದ ಮಾತೆತ್ತಿದ ಕೂಡಲೇ ಡ್ರೈವರ್ ಕಾಕಾ ಎದ್ದು ಹೋದರು.

ಉಳಿದವರು ಇಬ್ಬರು, ಸಂಗ್ರಹಕಾರರು ಮತ್ತು ಮೇಷ್ಟ್ರು. ಇಬ್ಬರ ಬೆಲೆಯ ನಡುವೆ ಒಂದೂಕಾಲು ಲಕ್ಷದ ಅಂತರ. ಆಗ ನಮ್ಮ ದೊಡ್ಡಪ್ಪ ಹೇಳಿದ ಮಾತು ಇದು: "ನಿಮಗೆಲ್ಲಾ ಈಗ ಇತಿಹಾಸ ನೆಪ್ಪಾತು. ಇಷ್ಟು ವರ್ಷ ಶೆಡ್ಡಿನ ಬಾಡಿಗಿ ಕಟ್ಟಿದಾಂವಾ ನಾನು. ಒಬ್ಬರರ ಬಂದು ಧೂಳಾ ಜಾಡಿಸೀರಿ?"

ಯಾರ ಬಳಿಯೂ ಉತ್ತರ ಇರಲಿಲ್ಲ. ದೂರದಲ್ಲಿದ್ದವರಿಗೆ ಕಾರು ಅಂದರೆ ನೆನಪು, ಹತ್ತಿರ ಇದ್ದವರಿಗೆ ಖರ್ಚು. ಹಾಗಾಗಿ ನಾವು ಕೊನೆಗೆ ಒಂದು ನಿಯಮ ಮಾಡಿಕೊಂಡೆವು. ಇಂಥವರಿಗೇ ಕೊಡಬೇಕು ಅನ್ನುವ ಹಠ ಯಾರದೋ, ಕಡಿಮೆಯಾದ ದುಡ್ಡೂ ಅವರದೇ ಪಾಲಿನಿಂದ ಹೋಗಬೇಕು. ಮೇಷ್ಟ್ರಿಗೆ ಕೊಡೋಣ ಅಂದವರು ನಾನು, ಅತ್ತೆ, ಇಬ್ಬರು ತಮ್ಮಂದಿರು. ಒಂದೂಕಾಲು ಲಕ್ಷವನ್ನು ನಾವು ನಾಲ್ವರು ನಮ್ಮ ಪಾಲಿನಲ್ಲಿ ಕಳೆದುಕೊಂಡೆವು. ದೊಡ್ಡಪ್ಪನಿಗೆ ಪೂರ್ತಿ ಬೆಲೆಯ ಲೆಕ್ಕದಲ್ಲೇ ಪಾಲು ಹೋಯಿತು, ಜೊತೆಗೆ ಶೆಡ್ಡಿನ ಬಾಡಿಗೆಯೂ. ಒಬ್ಬ ತಮ್ಮ ದುಡ್ಡಿನ ಮಾತು ಬಂದ ಮೇಲೆ ಎರಡು ದಿನ ಯೋಚನೆ ಮಾಡಿದ ಅನ್ನಿ. ಆದರೆ ಜಗಳ ಆ ವಾರವೇ ಮುಗಿಯಿತು. ಇದನ್ನು ಮೊದಲ ತಿಂಗಳೇ ಮಾಡಬಹುದಿತ್ತು.

6. ಗಿರಾಕಿಯನ್ನು ಕೇಳಬೇಕಾದ್ದು

ಕಾರು ಎಲ್ಲಿ ನಿಲ್ಲಿಸುತ್ತೀರಿ, ಮೇಲೆ ಸೂರು ಇದೆಯಾ? ತಿಂಗಳಿಗೆ ಎಷ್ಟು ಸಲ ಓಡಿಸುತ್ತೀರಿ? ರಿಪೇರಿ ಯಾರ ಕೈಯಲ್ಲಿ? ಬಣ್ಣ ಏನು ಮಾಡುತ್ತೀರಿ? ಹಳೇ ನಂಬರು ಉಳಿಸುತ್ತೀರಾ? ನಿಮ್ಮ ನಂತರ ಯಾರು? ಕೊನೆಯ ಪ್ರಶ್ನೆಗೆ ಹೆಚ್ಚಿನವರು ತಡವರಿಸುತ್ತಾರೆ. ಮೇಷ್ಟ್ರು ಮಗಳನ್ನು ತೋರಿಸಿದರು. ಅವಳು ಆಗ ನಮ್ಮ ಕಾರಿನ ಕೆಳಗೆ ಟಾರ್ಚ್ ಹಿಡಿದು ಮಲಗಿದ್ದಳು.

ಸಾಧ್ಯವಾದರೆ ಅವರ ಮನೆಗೇ ಹೋಗಿ, ಅವರ ಬಳಿ ಆಗಲೇ ಇರುವ ಹಳೇ ಗಾಡಿ ನೋಡಿ. ಮಾತಿಗಿಂತ ಅದು ಜಾಸ್ತಿ ಹೇಳುತ್ತದೆ.

7. ಕರಾರು ಪತ್ರ

ಛಾಪಾ ಕಾಗದದ ಮೇಲೆ ಚಾಸಿಸ್, ಎಂಜಿನ್ ನಂಬರು, ಬೆಲೆ, ಇದ್ದ ಸ್ಥಿತಿಯಲ್ಲೇ ಮಾರಾಟ ಅನ್ನುವ ಮಾತು, ಜೊತೆಗೆ ಕೊಡುವ ಬಿಡಿಭಾಗಗಳ ಪಟ್ಟಿ ಬರೆಸಿ. ನಾವು ಎರಡು ಷರತ್ತು ಸೇರಿಸಿದೆವು. ಮುಂದೆ ಮಾರುವುದಾದರೆ ಮೊದಲು ನಮ್ಮನ್ನು ಕೇಳಬೇಕು. ಬಿಚ್ಚಿದ ಮೂಲ ಭಾಗ ಯಾವುದನ್ನೂ ಗುಜರಿಗೆ ಹಾಕಬಾರದು. ಇನ್ನೂ ಹತ್ತು ಷರತ್ತು ಹಾಕುವ ಆಸೆ ಅತ್ತೆಗಿತ್ತು. ವಕೀಲರು ನಕ್ಕರು: ಮಾರಿದ ಮೇಲೆ ಕಾರು ಅವರದು, ಜಾರಿ ಮಾಡಲಾಗದ ಷರತ್ತು ಬರೆದು ಏನು ಪ್ರಯೋಜನ? ಸರಿಯೇ. ಷರತ್ತಿನಿಂದ ಕಾಯಬೇಕಾದ ಗಿರಾಕಿಗೆ ಕೊಡುವುದೇ ಬೇಡ.

ದುಡ್ಡು ಬ್ಯಾಂಕಿನ ಮೂಲಕವೇ ಬರಲಿ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ. ಹಸ್ತಾಂತರದ ಚೀಟಿಯಲ್ಲಿ ದಿನಾಂಕದ ಜೊತೆ ಗಂಟೆಯನ್ನೂ ಬರೆಯಿರಿ. ಅವತ್ತು ಸಂಜೆ ಏನಾದರೂ ಆದರೆ ಯಾರ ಹೊಣೆ ಅನ್ನುವುದು ಅದರಿಂದ ತೀರ್ಮಾನ ಆಗುತ್ತದೆ. ಆರ್.ಸಿ. ಬುಕ್ಕಿನ ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಫೋಟೋಗಳ ಪ್ರತಿ ಗಿರಾಕಿಗೆ ಕೊಡಿ, ಮೂಲ ನಿಮ್ಮ ಬಳಿ ಇರಲಿ. ಬಿಲ್ಲು, ಚೀಟಿಗಳ ಮೂಲ ಕಾರಿನ ಜೊತೆಗೇ ಹೋಗಲಿ. ನಿಮ್ಮ ತೆರಿಗೆ ಲೆಕ್ಕಕ್ಕೆ ಅವುಗಳ ಪ್ರತಿ ಇಟ್ಟುಕೊಳ್ಳುವುದು ಮರೆಯಬೇಡಿ.

ಕಾರನ್ನು ಓಡಿಸಿಕೊಂಡು ಹೋಗಲು ಬಿಡಬೇಡಿ, ಗಿರಾಕಿ ಎಷ್ಟೇ ಹುಮ್ಮಸ್ಸಿನಲ್ಲಿದ್ದರೂ ಸರಿ. ವರ್ಷಗಟ್ಟಲೆ ನಿಂತ ಕಾರಿನ ಬ್ರೇಕು ನಂಬುವ ಹಾಗಿಲ್ಲ. ಟೋಯಿಂಗ್ ಲಾರಿ ಮೇಲೆ ಏರಿಸಿ ಕಳಿಸಿ. ತಿಂಗಳು ಬಿಟ್ಟು ವರ್ಗಾವಣೆ ಆಯಿತಾ ಅಂತ ವಾಹನ್‌ನಲ್ಲಿ ನೀವೇ ನೋಡಿ. ಆಗುವ ತನಕ ಕಾನೂನಿನ ಕಣ್ಣಿಗೆ ಮಾಲೀಕರು ನೀವೇ.

ಕೊನೆಯದಾಗಿ, ಅಟ್ಟ ಹತ್ತಿ ನೋಡಿ. ನಾವು ನೋಡಿರಲಿಲ್ಲ. ಕಾರು ಹೋಗಿ ಏಳು ತಿಂಗಳ ಮೇಲೆ ದೀಪಾವಳಿಗೆ ಅಟ್ಟ ಗುಡಿಸುವಾಗ ಸ್ಟಾರ್ಟಿಂಗ್ ಹ್ಯಾಂಡಲ್ ಸಿಕ್ಕಿತು, ಗೋಣಿಚೀಲದಲ್ಲಿ ಸುತ್ತಿಟ್ಟದ್ದು. ಫೋನ್ ಮಾಡಿದೆ. ಮೇಷ್ಟ್ರು ಮರುದಿನವೇ ಬಂದರು, ಆ ಕಾರಿನಲ್ಲೇ. ಧೂಳು ಹೋಗಿತ್ತು, ಬಣ್ಣ ಅದೇ ಇತ್ತು. ದೊಡ್ಡಪ್ಪ ಕಟ್ಟೆಯ ಮೇಲೆ ಕೂತಿದ್ದವರು ಎದ್ದು ಹೋಗಿ, ಯಾರನ್ನೂ ಕೇಳದೆ, ಹಿಂದಿನ ಸೀಟಿನಲ್ಲಿ ಕೂತರು. ಹ್ಯಾಂಡಲ್ ತೆಗೆದುಕೊಂಡ ಮೇಷ್ಟ್ರು ಅವರನ್ನು ಒಂದು ಸುತ್ತು ಹೊಡೆಸಿಕೊಂಡು ಬರಬೇಕಾಯಿತು.